ಹೆದರಿಕೆ ಹೇಳಿ ಹತ್ತುವವರು

ನನ್ನ ತಮ್ಮ ಸಾರುವೆ ಮೇಸ್ತ್ರಿ. ಕಟ್ಟಡ ಏಳುವಾಗ ಅದರ ಸುತ್ತ ಕಬ್ಬಿಣದ ಕೊಳವೆ, ಹಲಗೆ ಜೋಡಿಸಿ ಕೆಲಸಗಾರರು ನಿಲ್ಲಲು ಜಾಗ ಮಾಡಿಕೊಡುವವನು. ಕಟ್ಟಡ ಮುಗಿದ ಮೇಲೆ ತನ್ನದನ್ನೆಲ್ಲ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗುವವನು. ಊರ ತುಂಬ ತಾನು ಕೆಲಸ ಮಾಡಿದ ಕಟ್ಟಡಗಳಿವೆ, ತಾನು ಕಟ್ಟಿದ್ದು ಮಾತ್ರ ಒಂದೂ ಉಳಿದಿಲ್ಲ ಎಂದು ಹೇಳಿ ತಾನೇ ನಗುತ್ತಾನೆ. ನನಗೆ ಅಷ್ಟು ಸುಲಭಕ್ಕೆ ನಗು ಬರುವುದಿಲ್ಲ. ನಾನು ಅವನ ತಂಡಕ್ಕೆ ಬಲೆ ಹೆಣೆಯುವವಳು. ಮೇಲಿಂದ ಏನಾದರೂ ಬಿದ್ದರೆ ಹಿಡಿಯಲೆಂದು ಕಟ್ಟುತ್ತಾರಲ್ಲ, ಆ ಬಲೆ. ಎಲ್ಲಿ ಹರಿದಿದೆ ಎಂದು ಹುಡುಕುವುದೇ ದಿನವಿಡೀ ಕೆಲಸವಾದ್ದರಿಂದ ನನ್ನ ಕಣ್ಣಿಗೆ ಜಗತ್ತಿನಲ್ಲಿ ತೂತುಗಳೇ ಮೊದಲು ಕಾಣುತ್ತವೆ.

ಅವನ ತಂಡದಲ್ಲಿ ಒಂದು ಪದ್ಧತಿಯಿದೆ. ಬೆಳಿಗ್ಗೆ ಎಲ್ಲರೂ ಸೊಂಟದ ಬೆಲ್ಟು ಬಿಗಿದು ಸಾಲಾಗಿ ನಿಂತ ಮೇಲೆ ತಮ್ಮ ಒಬ್ಬೊಬ್ಬರ ಎದುರು ನಿಂತು ಕೇಳುತ್ತಾನೆ: "ಇವತ್ತು ಏನು ಹೆದರಿಕೆ?" ಉತ್ತರ ಹೇಳಲೇಬೇಕು. ಹೊಸ ಬೂಟು ಜಾರುತ್ತದೆ ಎಂದವನಿಗೆ ಕೆಳಗೆ ಕೊಳವೆ ಎತ್ತಿಕೊಡುವ ಕೆಲಸ. ಮಗು ಅತ್ತು ನಿದ್ದೆಯಾಗಿಲ್ಲ ಎಂದವನಿಗೆ ಮೊದಲ ಮಹಡಿ. ಹೆಂಡತಿಯ ಹೆದರಿಕೆ ಎಂದರೆ, "ಅದು ಎಲ್ಲರಿಗೂ ಇರೋದೇ, ಬೇರೆ ಹೇಳು" ಎನ್ನುತ್ತಾನೆ. "ಏನಿಲ್ಲ" ಎಂದವನನ್ನು ಮಾತ್ರ ಆ ದಿನ ಮನೆಗೆ ಕಳಿಸಿಬಿಡುತ್ತಾನೆ. ಅತ್ತರೂ ಕರೆದರೂ ಕೇಳುವುದಿಲ್ಲ.

ಈ ಪದ್ಧತಿ ಬಂದದ್ದು ನನ್ನ ಗಂಡನಿಂದ. ಅವರೂ ಅದೇ ತಂಡದಲ್ಲಿದ್ದರು. ಒಂದು ಬೆಳಿಗ್ಗೆ ಅವರಿಗೆ ತಲೆ ತಿರುಗುತ್ತಿತ್ತು. ನನಗೆ ಹೇಳಲಿಲ್ಲ, ತಮ್ಮನಿಗೆ ಹೇಳಲಿಲ್ಲ, ಚಹಾದ ಅಂಗಡಿಯವನಿಗೆ ತಮಾಷೆಗೆಂಬಂತೆ ಹೇಳಿ ಮೇಲೆ ಹತ್ತಿದರು. ಗಂಡಸಾಗಿ ಎಲ್ಲರೆದುರು ಹೇಗೆ ಹೇಳುವುದು ಎಂದು ನಾಚಿಕೊಂಡಿರಬೇಕು. ಆ ನಾಚಿಕೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಅಂದಿನಿಂದ ತಮ್ಮನ ಮನೆಯೇ ನನ್ನ ಮನೆ, ಈ ಪ್ರಶ್ನೆಯೇ ನಮ್ಮ ಮನೆಯ ಬೆಳಗಿನ ಮಾತು.

ಇಷ್ಟೆಲ್ಲ ಹೇಳಿದ್ದು ನನ್ನ ಸೊಸೆ ಗಿಡ್ಡಿಯ ವಿಷಯಕ್ಕೆ ಬರಲು. ತಮ್ಮನ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಇಟ್ಟ ಅಡ್ಡಹೆಸರು ಅಂಟಿಕೊಂಡಿತೇ ಹೊರತು ಈಗ ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸದೆ ಬರಲು ಅವಳೊಬ್ಬಳಿಗೇ ಆಗುವುದಿಲ್ಲ. ಶಾಲೆ ಬಿಟ್ಟೊಡನೆ ನನ್ನ ಪಕ್ಕ ಬಲೆಯ ಮೇಲೆ ಕುಳಿತು ಓದುತ್ತಿದ್ದಳು. ಪಾಠ ತಲೆಗೆ ಹತ್ತುತ್ತಿರಲಿಲ್ಲ ಎನ್ನಲಾರೆ, ಹತ್ತಿದ್ದು ಪರೀಕ್ಷೆಯ ಹೊತ್ತಿಗೆ ಕೆಳಗಿಳಿಯುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಕಂಡರೆ ಕೈ ತಣ್ಣಗಾಗಿ, ಬಾಯಿ ಒಣಗಿ, ತನ್ನ ಹೆಸರು ಬರೆಯಲೂ ಯೋಚಿಸಬೇಕಾಗುತ್ತಿತ್ತಂತೆ. ಪಿಯುಸಿಯ ಕೊನೆಯ ಪರೀಕ್ಷೆಯಲ್ಲಿ ಹೇಗೋ ಪಾಸಾದಳು. ಗಣಿತದಲ್ಲಂತೂ ಮೇಷ್ಟ್ರು ಕಣ್ಣು ಮುಚ್ಚಿ ದಾಟಿಸಿರಬೇಕು.

ಆ ಮಾರ್ಕು ಹಿಡಿದುಕೊಂಡು ಬಂದವಳು ಊಟಕ್ಕೆ ಕೂತಾಗ, "ನಾನು ಮಿಲಿಟರಿ ಅಕಾಡೆಮಿಗೆ ಹೋಗ್ತೀನಿ, ಆಫೀಸರ್ ಆಗ್ತೀನಿ" ಅಂದಳು.

ತಮ್ಮನ ಹೆಂಡತಿ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. ತಮ್ಮ ತಲೆ ಎತ್ತಲಿಲ್ಲ. ಮೊದಲು ಮಾತಾಡಿದವಳು ನಾನು. ಮನೆಯಲ್ಲಿ ಒಬ್ಬರು ಮೇಲಿಂದ ಬಿದ್ದದ್ದು ಸಾಲದಾ, ನಿನಗೆ ಗುಂಡು ಬೇರೆ ಬೇಕಾ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಪೂರ್ತಿ ಕೇಳಿಸಿಕೊಂಡು ತಣ್ಣಗೆ, "ಅತ್ತೆ, ನಿನಗೇನು ಹೆದರಿಕೆ ಅಂತ ಹೇಳು. ಬೈಗುಳ ಆಮೇಲೆ" ಅಂದಳು.

ದಾರಿ ತೋರಿಸಿದವರು ಶಾಲೆಯ ಡ್ರಿಲ್ ಮೇಷ್ಟ್ರು. ಅವರು ಹಿಂದೆ ಸೈನ್ಯದಲ್ಲಿದ್ದವರು. ಪಿಯುಸಿ ಮಾರ್ಕು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಪಾಸಾಗಿದ್ದರೆ ಸಾಕು, ಅವರದೇ ಲಿಖಿತ ಪರೀಕ್ಷೆ ಇರುತ್ತದೆ, ಆಮೇಲೆ ಶಿಬಿರದಲ್ಲಿ ಕೆಲವು ದಿನ ಇಟ್ಟುಕೊಂಡು ಓಡಿಸಿ, ಹತ್ತಿಸಿ, ಮಾತಾಡಿಸಿ ಆರಿಸುತ್ತಾರೆ ಎಂದರು. ಲಿಖಿತ ಪರೀಕ್ಷೆಯಲ್ಲಿ ಗಿಡ್ಡಿ ಮೊದಲ ಸಲ ಬಿದ್ದಳು. ಎರಡನೇ ಸಲ, ಪಟ್ಟಿಯ ಬಾಲದ ತುದಿಯಲ್ಲಿ ನೇತಾಡಿಕೊಂಡು ದಾಟಿದಳು.

ಶಿಬಿರಕ್ಕೆ ಹೊರಡುವ ಮೊದಲು ಮೇಷ್ಟ್ರು ಮನೆಗೇ ಬಂದರು. "ನೋಡಮ್ಮ, ಸಂದರ್ಶನದಲ್ಲಿ ಮಾರ್ಕು ಯಾಕೆ ಕಮ್ಮಿ ಅಂತ ಕೇಳೇ ಕೇಳ್ತಾರೆ. ಪರೀಕ್ಷೆ ಹೊತ್ತಲ್ಲಿ ಅಪ್ಪ ಸಾರುವೆಯಿಂದ ಬಿದ್ದಿದ್ರು, ಆಸ್ಪತ್ರೆಗೂ ಮನೆಗೂ ಓಡಾಡ್ತಾ ಓದೋಕೆ ಆಗಲಿಲ್ಲ ಅಂದ್ಬಿಡು. ಇನ್ನೊಂದು ಮಾತು. ಹೆದರಿಕೆ ಅನ್ನೋ ಶಬ್ದ ನಿನ್ನ ಬಾಯಲ್ಲಿ ಬರಲೇಬಾರದು. ಸೈನ್ಯಕ್ಕೆ ಹೆದರುಪುಕ್ಕಲರು ಬೇಕಾಗಿಲ್ಲ."

ತಮ್ಮ ಅಲ್ಲೇ ಇದ್ದ. ತಾನು ಬಿದ್ದ ಸುದ್ದಿಯನ್ನು ತಾನೇ ಕೂತು ಕೇಳಿದ. ಎದ್ದು ಹೋಗಿ ಅಂಗಳದಲ್ಲಿದ್ದ, ಕೊಳವೆ ಜೋಡಿಸುವ ಕ್ಲಾಂಪುಗಳಿಗೆ ಎಣ್ಣೆ ಹಾಕತೊಡಗಿದ.

ಅವಳ ಜೊತೆ ಹೋದವಳು ನಾನು. ತಮ್ಮನಿಗೆ ಎತ್ತರದ ಕಟ್ಟಡವೊಂದರ ಕೆಲಸ ನಡುವಲ್ಲಿತ್ತು, ತಮ್ಮನ ಹೆಂಡತಿ ಬಸ್ಸು ಹತ್ತಿದರೆ ವಾಂತಿ ಮಾಡುತ್ತಾಳೆ. ಹರಿದ ಬಲೆಯ ಒಂದು ತುಂಡು, ನೂಲು, ಹೆಣೆಯುವ ಸೂಜಿ ಚೀಲಕ್ಕೆ ಹಾಕಿಕೊಂಡೆ. ಕೈ ಸುಮ್ಮನಿದ್ದರೆ ನನ್ನ ತಲೆ ಸುಮ್ಮನಿರುವುದಿಲ್ಲ.

ಶಿಬಿರಕ್ಕೆ ದೊಡ್ಡ ಕಬ್ಬಿಣದ ಗೇಟು. ಅದರೊಳಗೇ ಒಬ್ಬರು ಬಗ್ಗಿ ದಾಟುವಷ್ಟು ಸಣ್ಣದೊಂದು ಬಾಗಿಲು. ಎದುರಿನ ರಸ್ತೆಯಾಚೆ ತಗಡಿನ ಚಾವಣಿಯ ಶೆಡ್ಡು, ಅದರಲ್ಲಿ ಬೆಂಚುಗಳು, ನನ್ನಂತೆ ಬಂದ ಅಪ್ಪ ಅಮ್ಮಂದಿರು. ಗಿಡ್ಡಿಯ ಎದೆಗೆ ನಂಬರಿನ ಬಟ್ಟೆ ಕಟ್ಟಿ ಒಳಗೆ ಕರೆದುಕೊಂಡರು. ಬೆಂಚಿನ ಮೇಲಿದ್ದ ಹಳಬರೊಬ್ಬರು ನನಗೆ ಅಲ್ಲಿನ ಲೆಕ್ಕ ಹೇಳಿಕೊಟ್ಟರು: "ಸಣ್ಣ ಬಾಗಿಲಿಂದ ಬ್ಯಾಗ್ ಹಿಡ್ಕೊಂಡು ಬಂದ್ರೆ ಕೆಲಸ ಕೆಟ್ಟಿತು ಅಂತ. ಬ್ಯಾಗ್ ಒಳಗೇ ಇರೋ ತನಕ ಜೀವ ಇದೆ."

ಮೊದಲ ದಿನವೇ ಅರ್ಧಕ್ಕರ್ಧ ಮಕ್ಕಳು ಬ್ಯಾಗಿನೊಂದಿಗೆ ಹೊರಬಂದರು. ಬಾಗಿಲು ಕಿರ್ರೆಂದಾಗಲೆಲ್ಲ ಸೂಜಿ ನಿಲ್ಲಿಸಿ ನೋಡುತ್ತಿದ್ದೆ. ಮೊದಲು ಬ್ಯಾಗು ಕಾಣುತ್ತಿತ್ತು, ಆಮೇಲೆ ಬಗ್ಗಿದ ತಲೆ, ಕೊನೆಗೆ ಮುಖ. ಒಬ್ಬ ಹುಡುಗ ತನ್ನ ಅಪ್ಪನನ್ನು ನೋಡಿಯೂ ನೋಡದಂತೆ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ. ಅಪ್ಪ ಊಟದ ಡಬ್ಬಿ ಹಿಡಿದು ಹಿಂದೆ ಓಡಿದರು. ನಾನು ಬಲೆ ಹೆಣೆಯುತ್ತಿದ್ದೆ ಎಂದುಕೊಂಡಿದ್ದೆ. ಸಂಜೆ ನೋಡಿದರೆ ಒಂದೇ ಕಣ್ಣಿಗೆ ಗಂಟಿನ ಮೇಲೆ ಗಂಟು ಹಾಕುತ್ತ ಕೂತಿದ್ದೆ.

ಸಂದರ್ಶನ ಮುಗಿದ ಸಂಜೆ ಗೇಟಿನ ಬಳಿ ಅವಳನ್ನು ನೋಡಲು ಸ್ವಲ್ಪ ಹೊತ್ತು ಬಿಟ್ಟರು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅತ್ತೆ, ಕೆಡಿಸ್ಕೊಂಡೆ" ಅಂದಳು.

ನಿಧಾನವಾಗಿ ಕೇಳಿದಾಗ ಬಾಯಿ ಬಿಟ್ಟಳು. ಎತ್ತರದ ಹಲಗೆಯಿಂದ ಹಗ್ಗ ಹಿಡಿದು ಆಚೆ ಹಾರುವ ಪರೀಕ್ಷೆಯಿತ್ತಂತೆ. ಕೆಳಗಿದ್ದ ಅಧಿಕಾರಿ, "ರೆಡಿನಾ?" ಎಂದು ಕೂಗಿದ್ದಾರೆ. ಇವಳಿಗಿಂತ ಮೊದಲು ಹಾರಿದವರೆಲ್ಲ "ರೆಡಿ ಸಾರ್" ಎಂದು ಗಂಟಲು ಹರಿದುಕೊಂಡಿದ್ದರು. ಇವಳು ಮಾತ್ರ ಬೆಲ್ಟು ಕಟ್ಟಿಕೊಂಡು ಎತ್ತರದಲ್ಲಿ ನಿಂತವಳು, ಅಪ್ಪನ ತಂಡದ ಸಾಲಿನಲ್ಲಿ ನಿಂತಂತೆ, "ಎಡಗೈ ಬೆವರ್ತಿದೆ ಸಾರ್. ಹಗ್ಗ ಜಾರುತ್ತೆ ಅಂತ ಹೆದರಿಕೆ" ಎಂದುಬಿಟ್ಟಳು. ಎಲ್ಲರೂ ನಕ್ಕರು. ಕೈ ಒರೆಸಿಕೊಂಡು ಹಾರಿದಳು, ಆಚೆ ದಡ ಮುಟ್ಟಿದಳು. ಆದರೆ ಆಡಿದ ಮಾತು ಆಡಿಯಾಗಿತ್ತು.

"ಹೋಗ್ಲಿ, ಸಂದರ್ಶನ?" ಎಂದೆ.

"ಮೂರು ಜನ ಕೂತಿದ್ರು. ಮಾರ್ಕು ಯಾಕೆ ಹೀಗಿದೆ ಅಂದ್ರು. ಮೇಷ್ಟ್ರು ಹೇಳಿಕೊಟ್ಟಿದ್ದು ನಾಲಿಗೆ ತುದೀಲೇ ಇತ್ತು. ಅಪ್ಪ ಸಾರುವೆಯಿಂದ ಅನ್ನೋ ತನಕ ಹೇಳಿದೆ. ಬಿದ್ರು ಅನ್ನೋ ಮಾತು ಬರಲಿಲ್ಲ ಅತ್ತೆ. ಅಪ್ಪ ಆ ಹೊತ್ತಲ್ಲಿ ಮೇಲೆ ಹತ್ತಿರ್ತಾರೆ ಅನ್ನಿಸ್ತು."

ನಾನು ಅವಳ ಕೈ ಹಿಡಿದೆ. ಮಂಜುಗಡ್ಡೆಯಂತಿತ್ತು.

ಆಮೇಲೆ ಅವಳು ನಿಜ ಹೇಳಿದ್ದಾಳೆ. ಪರೀಕ್ಷೆ ಅಂದರೆ ಹೆದರಿಕೆ ಸಾರ್, ಅಲ್ಲಿ ಯಾರೂ ಏನು ಹೆದರಿಕೆ ಅಂತ ಕೇಳಲ್ಲ, ಅದಕ್ಕೆ ಅದು ಒಳಗೇ ಉಳಿದು ಕೈ ಕಟ್ಟಿಹಾಕುತ್ತೆ, ಎಂದಿದ್ದಾಳೆ. ಈಗ ಹೆದರಿಕೆ ಇದೆಯಾ ಎಂದು ಕೇಳಿದರಂತೆ. ಇದೆ ಸಾರ್ ಎಂದು ಒಂದೊಂದಾಗಿ ಹೇಳಿದ್ದಾಳೆ. ನಿಮ್ಮನ್ನು ಕಂಡರೆ ಇದೆ, ಆ ಕೊನೆಯಲ್ಲಿ ಕೂತು ಒಂದು ಮಾತೂ ಆಡದ ಸಾಹೇಬರನ್ನು ಕಂಡರೆ ಇನ್ನೂ ಜಾಸ್ತಿ ಇದೆ, ಬ್ಯಾಗು ಹಿಡಿದು ಅತ್ತೆಯ ಎದುರು ಹೋಗಿ ನಿಲ್ಲುವುದು ಎಲ್ಲಕ್ಕಿಂತ ಜಾಸ್ತಿ ಇದೆ. ಆಗ ಆ ಕೊನೆಯ ಸಾಹೇಬರು ಮೊದಲ ಸಲ ಬಾಯಿ ಬಿಟ್ಟು, ನಾಳೆ ನಿನ್ನ ಕೈಕೆಳಗೆ ಜನ ಕೊಟ್ಟರೆ ಏನು ಮಾಡುತ್ತೀ ಎಂದರು. ಇವಳು ಅಪ್ಪನ ಪದ್ಧತಿಯನ್ನೇ ಹೇಳಿದಳು. ಬೆಳಿಗ್ಗೆ ಎಲ್ಲರನ್ನೂ ಕೇಳ್ತೀನಿ, ಏನಿಲ್ಲ ಅಂದವರನ್ನ ಅವತ್ತು ಮುಂದೆ ಕಳಿಸಲ್ಲ.

"ಅಕಾಡೆಮಿಯಲ್ಲೂ ಪರೀಕ್ಷೆಗಳಿರ್ತವೆ, ಆಗೇನ್ ಮಾಡ್ತೀ ಅಂದ್ರು. ಆಗ್ಲೂ ಹೆದರ್ತೀನಿ ಸಾರ್, ಆದ್ರೆ ಮೊದಲೇ ಹೇಳಿಬಿಡ್ತೀನಿ ಅಂದೆ. ಯಾರೂ ನಗಲಿಲ್ಲ. ಹೋಗು ಅಂದ್ರು."

ನನಗೆ ಅವಳ ಮೇಲೆ ಕೋಪ ಬಂತು, ತಮ್ಮನ ಮೇಲೂ, ಸತ್ತ ಗಂಡನ ಮೇಲೂ. ನಮ್ಮ ಮನೆಯಲ್ಲಿ ಕಲಿಸಿದ ಒಂದೇ ಒಂದು ವಿದ್ಯೆ ಅವಳನ್ನು ಮುಳುಗಿಸಿತಲ್ಲ. ಬೈಯಲು ಬಾಯಿ ತೆರೆದವಳು, "ಊಟ ಮಾಡಿದ್ಯಾ?" ಎಂದಷ್ಟೇ ಕೇಳಿದೆ.

ಮಾರನೆಯ ದಿನ ಮಧ್ಯಾಹ್ನ ಒಳಗೆ ನಂಬರು ಕೂಗುತ್ತಾರೆ ಎಂದು ಗೊತ್ತಿತ್ತು. ಬಾಗಿಲು ಕಿರ್ರೆಂದಿತು. ಬ್ಯಾಗು, ತಲೆ, ಮುಖ. ಅವಳಲ್ಲ. ಮತ್ತೆ ಬ್ಯಾಗು. ಅವಳಲ್ಲ. ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು, ನಮ್ಮ ಬೆಂಚುಗಳು ಖಾಲಿಯಾಗುತ್ತಲೇ ಇದ್ದವು. ಒಳಗೆ ಇನ್ನೆಷ್ಟು ಮಂದಿ ಉಳಿದಾರು ಎಂದು ಯೋಚಿಸಲೂ ಧೈರ್ಯವಾಗಲಿಲ್ಲ. ಬಹಳ ಹೊತ್ತು ಬಾಗಿಲು ಸುಮ್ಮನಿತ್ತು. ಆಮೇಲೆ ತೆರೆದುಕೊಂಡಿತು. ಮೊದಲು ಬಂದದ್ದು ಬಗ್ಗಿದ ತಲೆ. ಬ್ಯಾಗಿಗಾಗಿ ಹುಡುಕಿದೆ. ಇರಲಿಲ್ಲ. ಗಿಡ್ಡಿ ಎರಡೂ ಕೈ ಬರಿದು ಬಿಟ್ಟುಕೊಂಡು ರಸ್ತೆ ದಾಟಿ ಬಂದಳು.

ಸಂತೋಷವಾಯಿತು ಎಂದರೆ ಸುಳ್ಳಾದೀತು. ಇಷ್ಟು ದಿನ ಅವಳು ಬ್ಯಾಗು ಹಿಡಿದು ಬಂದಾಳೆಂದು ಹೆದರಿದ್ದೆ. ಆ ಹೆದರಿಕೆ ಕಾಲುಗಳಿಂದ ಇಳಿದುಹೋಗುವ ಮೊದಲೇ ಇನ್ನೊಂದು ಬಂದು ಅದರ ಜಾಗದಲ್ಲಿ ಕೂತಿತು. ಇನ್ನು ಇವಳು ನಿಜವಾಗಿಯೂ ಹೋಗುತ್ತಾಳೆ. ಬಲೆಯನ್ನು ಅಲ್ಲೇ ಬಿಟ್ಟು ಅವಳನ್ನು ತಬ್ಬಿಕೊಂಡು ಅತ್ತೆ. ಅವಳೂ ಅತ್ತಳು. ಗೇಟಿನ ಕಾವಲುಗಾರ ಮುಖ ಆ ಕಡೆ ಮಾಡಿಕೊಂಡ.

ಅಕಾಡೆಮಿಗೆ ಹೊರಡುವ ದಿನ ತಮ್ಮ ಎಂದಿನಂತೆ ಕೆಲಸಕ್ಕೆ ಹೋಗಿದ್ದ. ಗಿಡ್ಡಿ ಅಮ್ಮನಿಗೆ ಹೋಗಿಬರುತ್ತೇನೆಂದು ಹೇಳಿ, ನನ್ನನ್ನು ಕರೆದುಕೊಂಡು, ಪೆಟ್ಟಿಗೆ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಕಟ್ಟಡದ ಬಳಿ ಬಂದಳು. ತಂಡದವರು ಸಾಲಾಗಿ ನಿಂತಿದ್ದರು. ತಮ್ಮ ಎಲ್ಲರನ್ನೂ ಕೇಳಿ ಮುಗಿಸಿ ತಾನೂ ಹತ್ತಲು ಬೆಲ್ಟಿನ ಕೊಕ್ಕೆ ಹಾಕಿಕೊಳ್ಳುತ್ತಿದ್ದ. ಕೊಕ್ಕೆ ಅದರ ಕಬ್ಬಿಣದ ಬಳೆಗೆ ಸಿಗುತ್ತಿರಲಿಲ್ಲ. ಎರಡು ಸಲ ತಪ್ಪಿತು.

ಗಿಡ್ಡಿ ಪೆಟ್ಟಿಗೆ ಕೆಳಗಿಟ್ಟು ಅವನ ಎದುರು ನಿಂತಳು. "ಅಪ್ಪ, ಇವತ್ತು ಏನು ಹೆದರಿಕೆ?"

ಅವನನ್ನು ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವನು ಅವಳ ಭುಜದಾಚೆ ಎಲ್ಲೋ ನೋಡುತ್ತ, "ಏನಿಲ್ಲ" ಅಂದ.

ತಂಡದಲ್ಲಿ ನನ್ನ ಗಂಡನ ಕಾಲದಿಂದ ಇರುವ ಮುದುಕನೊಬ್ಬನಿದ್ದಾನೆ. ಅವನು ಮುಂದೆ ಬಂದು ತಮ್ಮನ ಸೊಂಟದಿಂದ ಬೆಲ್ಟು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. "ಮನೆಗೆ ಹೋಗಿ ಮೇಸ್ತ್ರಿ" ಅಂದ. ದನಿಯಲ್ಲಿ ಒರಟುತನ ಒಂದಿಷ್ಟೂ ಇರಲಿಲ್ಲ.

ತಮ್ಮ ಪೆಟ್ಟಿಗೆ ಎತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದ. ಅವಳನ್ನು ಹತ್ತಿಸಿದ. ಬಸ್ಸು ತಿರುವಿನಲ್ಲಿ ಮರೆಯಾದರೂ ಕೈ ಎತ್ತಿದವನು ಇಳಿಸಲಿಲ್ಲ, ನಾನೇ ಹಿಡಿದು ಇಳಿಸಿದೆ. ಮನೆಯ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುವಾಗ ಕೇಳಿದ.

"ಅಕ್ಕ, ಅವಳನ್ನ ಅಲ್ಲಿ ಬೆಳಿಗ್ಗೆ ಯಾರು ಕೇಳ್ತಾರೆ?"

ಅವನ ಬೂಟಿನ ದಾರ ಗಂಟಾಗಿತ್ತು. ನಾನು ಕೆಳಗೆ ಕೂತು ಅದನ್ನು ಬಿಡಿಸಿದೆ.

"ಈಗ ಹೆದರಿಕೆ ಹೇಳಿದ್ಯಲ್ಲ" ಅಂದೆ. "ನಾಳೆ ಹತ್ತು."