ಕೆರೆದಂಡೆಯ ಆರು ಮನೆಗಳು

ರಾಜ್ಯ ಒಂದಾದ ಮರುವರ್ಷ ನನಗೆ ಶಿರಸಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ನನ್ನ ಊರು ಬನವಾಸಿಯ ಆಚೆ, ದಿನವೂ ಹೋಗಿಬರುವಂತಿರಲಿಲ್ಲ. ಮದುವೆಯಾಗದ ಹೆಣ್ಣಿಗೆ ಪೇಟೆಯಲ್ಲಿ ಮನೆ ಕೊಡುವವರೂ ಇರಲಿಲ್ಲ. "ಯಜಮಾನರು ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದರು. ನಾನೊಬ್ಬಳೇ ಎಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಸಿಕ್ಕಿದ್ದು ಕೆರೆದಂಡೆಯ ಹಂಚಿನ ಸಾಲಿನಲ್ಲಿ ಒಂದು ಮನೆ. ಕೆರೆಯ ತುಂಬ ಹೂಳು, ಜೊಂಡು, ಸೊಳ್ಳೆ. ಹಾಗಾಗಿ ಬಾಡಿಗೆ ಎಂಟೇ ರೂಪಾಯಿ.

ಸಾಲಿನಲ್ಲಿ ಆರು ಮನೆ. ಪಕ್ಕದ್ದರಲ್ಲಿ ನಂದೊಳ್ಳಿ ಕಡೆಯ ಒಬ್ಬ ವಿಧವೆ ಇದ್ದರು. ಹಲಸಿನ ಹಪ್ಪಳ ಮಾಡಿ ಹೋಟೆಲುಗಳಿಗೆ ಕೊಟ್ಟು ಬದುಕುತ್ತಿದ್ದರು. ಬಹಳ ಮಡಿ. ಅವರು ನನ್ನ ಮನೆಯೊಳಗೆ ಬರುತ್ತಿರಲಿಲ್ಲ, ನಾನು ಅವರ ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ನಡುವಿನ ಗೋಡೆ ಹಂಚಿನ ಮಾಡಿನವರೆಗೆ ಮುಟ್ಟಿರಲಿಲ್ಲ. ಸಂಜೆ ತಟ್ಟೆ ಹಾಕಿಕೊಳ್ಳುವಾಗ ಆ ಸಂದಿಯಿಂದ ದನಿ ಬರುತ್ತಿತ್ತು.

"ತಂಗಿ, ಊಟಕ್ಕೆ ಕೂತ್ಯ? ಎಂತ ಅಡುಗೆ?"

"ರೊಟ್ಟಿ, ಬದನೀಕಾಯಿ ಪಲ್ಯ ರಿ ಅಮ್ಮಾ. ನಿಮ್ಮದು?"

"ಎನ್ನದು ಎಂತ, ತಂಬುಳಿ."

ಹೀಗೆ ಎರಡು ವರ್ಷ ನಾವಿಬ್ಬರೂ ಗೋಡೆಯ ಎರಡು ಕಡೆ ಕುಳಿತು ಒಟ್ಟಿಗೇ ಉಂಡೆವು.

ಆಮೇಲೆ ಕೆರೆಯ ದೆಸೆ ತಿರುಗಿತು. ಹೂಳು ತೆಗೆದರು, ದಂಡೆಗೆ ಕಲ್ಲು ಕಟ್ಟಿದರು, ಸುತ್ತ ರಸ್ತೆ ಮಾಡಿ ದೀಪ ಹಾಕಿದರು. ವರ್ಗವಾಗಿ ಬಂದ ಸಾಹೇಬರುಗಳು ಹೆಂಡಿರೊಡನೆ ಅಲ್ಲಿ ಅಡ್ಡಾಡತೊಡಗಿದರು. ವರ್ಷಕ್ಕೆರಡು ಸಲ ಮುಖ ತೋರಿಸುತ್ತಿದ್ದ ಮನೆಯ ಮಾಲೀಕರು ವಾರಕ್ಕೊಮ್ಮೆ ಬಂದು ಹೆಜ್ಜೆ ಹಾಕಿ ಜಾಗ ಅಳೆದರು. ಯುಗಾದಿಯ ಹೊತ್ತಿಗೆ ಹೇಳಿಯೇಬಿಟ್ಟರು: "ಅಕ್ಕೋರೇ, ಸಾಲು ಕೆಡವಿ ಮಹಡಿ ಕಟ್ಟಸ್ತೇನೆ. ಬೇರೆ ಮನೆ ನೋಡ್ಕೊಳ್ಳಿ."

ಪಕ್ಕದ ಅಮ್ಮ ಕಾನಸೂರಿನ ತಂಗಿಯ ಮಗಳ ಮನೆಗೆ ಹೊರಟರು. ಇಬ್ಬರೂ ಸೇರಿ ಎಲ್ಲಾದರೂ ಒಂದು ಮನೆ ಹಿಡಿಯೋಣ ಎಂದು ಕೇಳಬೇಕೆಂದುಕೊಂಡೇ ಅವರ ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ನಡೆದೆ. ಜಾತಿ ಬೇರೆ, ಒಲೆ ಬೇರೆ, ಏನೆಂದುಕೊಳ್ಳುತ್ತಾರೋ ಎಂದು ಬಾಯಿ ಬರಲಿಲ್ಲ. ಬಸ್ಸು ಹೋಯಿತು.

ನಾನು ಅಡಕೆ ಮಂಡಿಯ ಮೇಲಿನ ಒಂದು ಕೋಣೆಯಲ್ಲಿ ಕೆಲವು ತಿಂಗಳಿದ್ದೆ. ಅಲ್ಲಿ ನೀರಿರಲಿಲ್ಲ. ಬಳಿಕ ಒಂದು ಸಂಸಾರದ ಹಿತ್ತಿಲ ಕಡೆಯ ಭಾಗಕ್ಕೆ ಹೋದೆ. ನನಗೆ ಬಂದ ಕಾಗದವನ್ನೂ ಅವರು ಬೆಳಕಿಗೆ ಹಿಡಿದು ನೋಡಿಯೇ ಕೊಡುತ್ತಿದ್ದರು. ಅಷ್ಟರಲ್ಲಿ ಕೆರೆದಂಡೆಯ ಕಟ್ಟಡ ಮುಗಿಯಿತು. ಕೆಳಗೆ ಅಂಗಡಿಗಳು, ಮೇಲೆ ನಾಲ್ಕು ಮನೆ. ಮೂಲೆಯ ಸಣ್ಣದನ್ನು ನಾನು ಹಿಡಿದೆ. ನಲ್ಲಿ ಇತ್ತು, ಕರೆಂಟು ಇತ್ತು, ಕಿಟಕಿ ತೆರೆದರೆ ನೀರು. ಸಂಬಳದ ಮೂರರಲ್ಲೊಂದು ಪಾಲು ಬಾಡಿಗೆಗೇ ಹೋಗುತ್ತಿತ್ತು.

ಜೊತೆಯ ಶಿಕ್ಷಕಿಯರು ಬಂದು ನೋಡಿ ಹೊಗಳಿ ಹೋದರು. ಅಕ್ಕಪಕ್ಕದಲ್ಲಿ ಅಧಿಕಾರಿಗಳ ಸಂಸಾರ. ಪರಿಚಯವಾಗುವಷ್ಟರಲ್ಲಿ ಅವರಿಗೆ ವರ್ಗ. ಗೋಡೆಗಳು ತಾರಸಿಗೆ ಮುಟ್ಟಿದ್ದವು. ಒಂದು ಸಂಜೆ ತಟ್ಟೆ ಮುಂದಿಟ್ಟುಕೊಂಡವಳು ತುತ್ತೆತ್ತದೆ ಬಹಳ ಹೊತ್ತು ಕುಳಿತಿದ್ದೆ. ಮರುದಿನ ಕಾನಸೂರಿಗೆ ಕಾಗದ ಹಾಕಿದೆ: ಎರಡು ಕೋಣೆಗಳಿವೆ, ನಿಮ್ಮ ಒಲೆ ಬೇರೆ ಇಟ್ಟುಕೊಳ್ಳಬಹುದು, ಬಂದುಬಿಡಿ.

ಒಂದು ಭಾನುವಾರ ಅವರು ಬಂದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಒಳಗೆ ಬಂದು ಚಾಪೆಯ ಮೇಲೆ ಕುಳಿತರು. "ಆಸರು, ತಂಗಿ. ಒಂಚೂರು ನೀರು ಕೊಡು" ಎಂದರು. ನನ್ನ ಕೈಯಿಂದ ಲೋಟ ತೆಗೆದುಕೊಂಡು ಪೂರ್ತಿ ಕುಡಿದರು.

"ಬಾಡಿಗೆ ಎಷ್ಟೇ?"

ಹೇಳಿದೆ. ಅವರು ಲೋಟ ಕೆಳಗಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದರು.

"ನೀವು ಏನೂ ಕೊಡೂದು ಬ್ಯಾಡ್ರಿ ಅಮ್ಮಾ. ಇರ್ರಿ, ಸಾಕು."

"ಇಲ್ಲೆ ತಂಗಿ. ಪುಕ್ಕಟೆ ಇಪ್ಪಲೆ ಎನಗೆ ಮನಸ್ಸು ಬತ್ತಿಲ್ಲೆ. ಅರ್ಧ ಕೊಡಲೆ ಎನ್ನ ಹತ್ರ ಇಲ್ಲೆ. ಆನು ಹೋಗ್ತೆ."

ಎಷ್ಟು ಬೇಡಿದರೂ ಕೇಳದೆ ಸಂಜೆಯ ಬಸ್ಸಿಗೆ ಹೊರಟರು.

ಮುಂದಿನ ಬೇಸಿಗೆಯಲ್ಲಿ ನಾನು ಆ ಮನೆ ಬಿಟ್ಟೆ. ಯಲ್ಲಾಪುರ ರಸ್ತೆಯ ಕಡೆ, ಶಾಲೆಗೆ ದೂರವಾದರೂ ಕಡಿಮೆ ಬಾಡಿಗೆಯ, ಒಂದೇ ಕೋಣೆಯ ಮಣ್ಣಿನ ಗೋಡೆಯ ಮನೆ ಸಿಕ್ಕಿತು. ಉಳಿದ ದುಡ್ಡಿನಲ್ಲಿ ತಿಂಗಳಿಗೆರಡು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಕಾನಸೂರಿನ ಬಸ್ಸು ಹತ್ತುತ್ತಿದ್ದೆ. ಮಕ್ಕಳುಮರಿ ತುಂಬಿದ ಆ ಮನೆಯ ಜಗುಲಿಯಲ್ಲಿ ಕುಳಿತು ಸಂಜೆಯವರೆಗೆ ಇಬ್ಬರೂ ಮಾತಾಡುತ್ತಿದ್ದೆವು. ಹೀಗೇ ಒಂದು ಶನಿವಾರ ಅವರ ತಂಗಿಯ ಮಗಳು ನನ್ನನ್ನು ಬಸ್ಸಿಗೆ ಬಿಡಲು ಬಂದಳು.

"ನಿಂಗ ಬಂದಾಗ ಮಾತ್ರ ದೊಡ್ಡಾಯಿ ಬಾಯಿ ಬಿಡೋದು," ಎಂದಳು. "ಬಾಕಿ ದಿನ ಎಂತದೂ ಮಾತೇ ಇಲ್ಲೆ."

ಅಷ್ಟು ಜನರಿರುವ ಆ ಮನೆಯಲ್ಲಿ ಅವರು ಹಾಗಿರಬಹುದೆಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.