ನೀಲಮ್ಮನ ಗುರಾಣಿ ಒಡೆದವನು ನಾನು

ನೀಲಮ್ಮನ ಗುರಾಣಿ ಒಡೆದದ್ದು ಅಪ್‌ಡೇಟ್‌ನಿಂದಲ್ಲ, ನನ್ನಿಂದ. ಪೂರ್ತಿ ನನ್ನಿಂದಲೇ ಅಂತಲೂ ಅಲ್ಲ — ಆದರೆ ಈ "ಪೂರ್ತಿ ಅಲ್ಲ" ಅನ್ನುವ ಮಾತಿನ ಹಿಂದೆಯೇ ನಾನು ಇಷ್ಟು ದಿನ ಅಡಗಿ ಕೂತಿದ್ದೆ. ಈಗ ಹೊರಗೆ ಬರುತ್ತೇನೆ.

ನಾವು ನಾಲ್ವರು ವಿಜಯಪುರದಲ್ಲಿ ಒಂದೇ ಕಾಲೇಜಿನಲ್ಲಿ ಓದಿ, ಆಮೇಲೆ ನಾಲ್ಕು ತಾಲ್ಲೂಕಿನ ಪಾಲಾದವರು. ನನ್ನದು ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ. ಸಿದ್ದು ಸಿಂದಗಿಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುತ್ತಾನೆ. ಬಸು ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ನೀಲಮ್ಮ ತಂಗಡಗಿಯವಳು; ಮುದ್ದೇಬಿಹಾಳದ ಒಂದು ಶಾಲೆಯಲ್ಲಿ ಆಟ ಕಲಿಸುವ ಶಿಕ್ಷಕಿ. ಮುಖ ನೋಡುವುದು ವರ್ಷಕ್ಕೊಮ್ಮೆಯಾದರೂ ಸಂಜೆಯಾದರೆ ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಒಂದಾಗುತ್ತಿದ್ದೆವು. ನಾಲ್ವರ ಎದುರು ನಾಲ್ವರು ನಿಂತು ಗುಂಡು ಹಾರಿಸುವ ಆಟ. ಸಿದ್ದು, ಬಸು ಹೊಡೆಯುವವರು. ನಾನು ಹಿಂದೆ ನಿಂತು ಗಾಯಗೊಂಡವರಿಗೆ ಮದ್ದು ಹಾಕುವವನು. ನೀಲಮ್ಮ ಟ್ಯಾಂಕ್ — ಅಂದರೆ ದೊಡ್ಡ ಗುರಾಣಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತು, ನಮಗೆ ಬೀಳಬೇಕಾದ ಏಟನ್ನೆಲ್ಲ ತಾನೇ ತಿನ್ನುವವಳು.

ಏಟು ತಿನ್ನುವುದರಲ್ಲಿ ಏನು ಸುಖ ಎಂದು ಬಸು ಒಮ್ಮೆ ಕೇಳಿದ್ದ. ಅವಳು ನಕ್ಕು, "ನನ್ನ ಬೆನ್ನ ಹಿಂದ ನೀವು ಮೂರೂ ಮಂದಿ ಜೀವಂತ ಅದೀರಲ್ಲ, ಅದ ಸುಖ. ನಿಮಗ ತಿಳಿಯಂಗಿಲ್ಲ ಬಿಡ್ರಿ" ಅಂದಿದ್ದಳು. ಓಣಿಯ ಬಾಯಲ್ಲಿ ಗುರಾಣಿ ಊರಿ "ಬರ್ರಿ, ನನ್ನ ಹಿಂದ ಬರ್ರಿ!" ಎಂದು ಕೂಗಿದಳೆಂದರೆ — ನಾನು ನಿಂಬೆ ಮೂಟೆಗಳ ನಡುವೆ ಕೂತಿದ್ದೇನೆ ಎನ್ನುವುದೇ ಮರೆತುಹೋಗುತ್ತಿತ್ತು. ಎಷ್ಟು ನಗುತ್ತಿದ್ದೆವು! ಸೋತಾಗಲೂ ನಗುತ್ತಿದ್ದೆವು.

ಇಂಥ ಆಟಗಳಲ್ಲಿ ಆಟ ತಯಾರಿಸಿದವರು ಆಗಾಗ ಪಾತ್ರಗಳ ಬಲಾಬಲ ತಿದ್ದುತ್ತಾರೆ. ಒಬ್ಬರ ಬಲ ಹೆಚ್ಚಾಯಿತೆಂದು ಇಳಿಸುತ್ತಾರೆ, ಇನ್ನೊಬ್ಬರದು ಏರಿಸುತ್ತಾರೆ. ಅಂಥದೊಂದು ಅಪ್‌ಡೇಟ್ ಬಂತು. ಟ್ಯಾಂಕಿನ ಗುರಾಣಿ ತೆಳುವಾಯಿತು, ನಡಿಗೆ ನಿಧಾನವಾಯಿತು. ಅದೇ ಅಪ್‌ಡೇಟಿನಲ್ಲಿ ಮದ್ದು ಹಾಕುವವನ ಕೈಗೆ ಒಳ್ಳೆಯ ಬಂದೂಕು ಬಂತು.

ನನ್ನ ಕೈಗೆ, ಅಂದರೆ.

ಅಷ್ಟು ದಿನ ಒಬ್ಬರನ್ನೂ ಉರುಳಿಸದ ನಾನು ಮೊದಲ ಸಂಜೆಯೇ ಸಿದ್ದುನಿಗಿಂತ ಹೆಚ್ಚು ಜನರನ್ನು ಉರುಳಿಸಿದೆ. "ಏ ಮಲ್ಲ್ಯಾ, ಹುಲಿ ಆಗೀಯಲ್ಲೋ!" ಎಂದು ಬಸು ಕೂಗಿದ. ಆ ಮಾತು ಎಷ್ಟು ಸಿಹಿಯಾಗಿತ್ತೆಂದರೆ — ಹೇಳಲು ನಾಚಿಕೆ — ಮರುದಿನ ಅಂಗಡಿಯಲ್ಲಿ ಗಿರಾಕಿಗಳ ಎದುರು ಒಬ್ಬನೇ ನಗುತ್ತಿದ್ದೆ. ಅಲ್ಲಿಂದ ಮದ್ದು ಹಾಕುವುದು ಕಡಿಮೆಯಾಯಿತು. ನೀಲಮ್ಮನ ಬೆನ್ನು ಬಿಟ್ಟು ಮಗ್ಗುಲ ಓಣಿಗಳಲ್ಲಿ ಬೇಟೆಗೆ ಹೋಗತೊಡಗಿದೆ. ಅವಳು ಮುಂದೆ ನೋಡುತ್ತ ನಿಂತಿರುತ್ತಾಳೆ. ತಿರುಗಿದರೆ ಗುರಾಣಿಯೂ ತಿರುಗುತ್ತದೆ, ಹಾಗಾಗಿ ಹಿಂದೆ ನಾನಿಲ್ಲ ಎಂದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಒಂದು ಸಂಜೆ ಅವಳು ಮೇಲಿಂದ ಮೇಲೆ ಸತ್ತಳು. ಕೊನೆಗೆ ಕೇಳಿದಳು, "ಮಲ್ಲು, ನನಗ ಮದ್ದು ಬರವಲ್ದಲ್ಲ. ಏನಾಗೇತಿ?"

ನಾನು ಆಗ ಎಲ್ಲೋ ದೂರದಲ್ಲಿ ಒಬ್ಬನ ಹಿಂದೆ ಓಡುತ್ತಿದ್ದೆ. ಬಾಯಿ ತಾನೇ ಆಡಿತು — ಇಲ್ಲ, ಬಾಯಿ ಅಲ್ಲ, ನಾನೇ ಆಡಿದೆ: "ಹಾಕಾಕತ್ತೇನಿ ನೀಲಾ. ನಿನ್ನ ಗುರಾಣಿನ ತಡೀವಲ್ದು. ಅಪ್‌ಡೇಟ್ ಹಂಗ ಮಾಡೇತಿ."

ಸಿದ್ದು, ಬಸು ನನ್ನ ಮಾತನ್ನೇ ಹಿಡಿದರು. ಟ್ಯಾಂಕು ಸತ್ತಂಗ ಅಂದರು. ನೀಲಮ್ಮನ ಕೈ ಮೊದಲಿನಂತಿಲ್ಲ ಎಂದೂ ಸಿದ್ದು ಒಂದು ದಿನ ಅಂದ. ನಾನು ಮುಂದಿನ ಆಟ ಶುರುಮಾಡಿದೆ. ಅವಳು ಮೊದಮೊದಲು ಒಬ್ಬಳೇ ಅಭ್ಯಾಸ ಮಾಡಿದಳು, ನಿಲ್ಲುವ ಜಾಗ ಬದಲಿಸಿದಳು, ಹೇಗೆ ಆಡಲಿ ಎಂದು ನನ್ನನ್ನೇ — ನನ್ನನ್ನೇ! — ಕೇಳಿದಳು. "ಬರ್ರಿ, ನನ್ನ ಹಿಂದ ಬರ್ರಿ" ಎಂಬ ಕೂಗು ನಿಂತುಹೋಯಿತು. ಆಮೇಲೆ ಸಾಲಿ ಕೆಲಸ ಬಾಳ ಐತಿ ಅಂದಳು. ಆಮೇಲೆ ಬರಲೇ ಇಲ್ಲ.

ಟ್ಯಾಂಕ್ ಇಲ್ಲದೆ ಆಟ ಸಾಗದು. ಸಿದ್ದು, ಬಸು ಒಲ್ಲೆವೆಂದಾಗ ಗುರಾಣಿ ನನ್ನ ಪಾಲಿಗೆ ಬಂತು. ಮದ್ದಿಗೆ ಯಾರೋ ಅಪರಿಚಿತ. ಮೊದಲ ಆಟದಲ್ಲೇ ತಿಳಿಯಿತು. ಗುರಾಣಿ ತೆಳುವಾಗಿದ್ದು ನಿಜ. ಆದರೂ ಹಿಂದಿನವನು ಒಮ್ಮೆ ಸರಿಯಾಗಿ ಮದ್ದು ಹಾಕಿದಾಗ, ಎದುರಿನ ನಾಲ್ವರ ಗುಂಡಿಗೂ ಅಲ್ಲಾಡದೆ ನಿಂತೆ. ಎದೆ ಉಬ್ಬಿತು. ಅವಳು ಹೇಳುತ್ತಿದ್ದ ಸುಖ — ಅಯ್ಯೋ, ಇದಾ! ಮರುಕ್ಷಣ ಅವನು ಬೇಟೆಗೆ ಹೋದ. ಹಿಂದೆ ತಿರುಗಿ ನೋಡಿದೆ. ಖಾಲಿ ಓಣಿ. ಬಿಟ್ಟುಹೋದ ಆ ಅಪರಿಚಿತನಲ್ಲಿ ನನಗೆ ಕಂಡವನು ನಾನೇ.

ಮುಂದಿನ ಅಪ್‌ಡೇಟಿನಲ್ಲಿ ಗುರಾಣಿ ಮತ್ತೆ ದಪ್ಪವಾಯಿತು. ಬಂದವರೆಲ್ಲ ಟ್ಯಾಂಕ್ ಆಗಲು ಮುಗಿಬಿದ್ದರು. ನಾನು ಕುಣಿಯುತ್ತ ನೀಲಮ್ಮನಿಗೆ ಫೋನ್ ಮಾಡಿದೆ.

"ಗುರಾಣಿ ಬಂದರೇನಪಾ," ಅಂದಳು ಅವಳು. "ನನ್ನ ಕೈ ಹೋಗೇತಿ."

ಅಪ್‌ಡೇಟ್ ಮಾಡಿದ್ದನ್ನು ಇನ್ನೊಂದು ಅಪ್‌ಡೇಟ್ ಸರಿಮಾಡಿತ್ತು. ನಾನು ಮಾಡಿದ್ದು ಹಾಗೇ ಉಳಿದಿತ್ತು.

ಭಾನುವಾರ ಒಂದು ಚೀಲ ನಿಂಬೆಹಣ್ಣು ಹಿಡಿದು ಬಸ್ಸು ಹತ್ತಿದೆ. ತಂಗಡಗಿಯಲ್ಲಿ ಅವಳ ಮನೆಯ ಕಟ್ಟೆಯ ಮೇಲೆ ಕೂರಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟಳು. ಹೇಳಿಬಿಟ್ಟೆ — ಮದ್ದು ಹಾಕುತ್ತಿರಲಿಲ್ಲ, ಹಾಕುತ್ತೇನೆಂದು ಸುಳ್ಳು ಹೇಳಿದೆ, ಬಸು ಹುಲಿ ಅಂದದ್ದಕ್ಕೆ ಉಬ್ಬಿಹೋದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಅಂದ್ರ... ನಾ ಬೀಳೂ ಮುಂದ ನನ್ನ ಹಿಂದ ಯಾರೂ ಇರಲಿಲ್ಲ?"

"ಇರಲಿಲ್ಲ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಬಂದದ್ದು ನಗು. ಒಳಗಿದ್ದ ಅವಳ ತಾಯಿ ಗಾಬರಿಯಾಗಿ ಹೊರಗೆ ಬರುವಷ್ಟು ದೊಡ್ಡ ನಗು.

"ಯವ್ವಾ, ನನ್ನ ಕೈ ಹೋಗಿಲ್ಲವ್ವಾ! ಕೈ ಹೋಗಿಲ್ಲ! ಈ ಮಂಗ್ಯಾ ಸುಳ್ಳ ಹೇಳಿದ್ನಂತ!"

ತಾಯಿಗೆ ಏನೂ ತಿಳಿಯಲಿಲ್ಲ. ಆದರೂ ಮಗಳೊಡನೆ ನಕ್ಕರು. ಊಟದ ತಾಟು ತೆಗೆಯುವ ಮೊದಲೇ ನೀಲಮ್ಮ ಮೊಬೈಲು ಹಿಡಿದಿದ್ದಳು. "ಏಳು, ಮದ್ದಿನ ಚೀಲ ತಗೋ. ಅಲ್ಲಾಡಿದರ ಕಾಲ ಮುರೀತೇನಿ." ಅದೇ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತು ಆಡಿದೆವು. ಅವಳು ಓಣಿಯ ಬಾಯಲ್ಲಿ ಗುರಾಣಿ ಊರಿದಳು. ನಾನು ಅವಳ ಬೆನ್ನು ಬಿಟ್ಟು ಕದಲಲಿಲ್ಲ. ಒಬ್ಬರನ್ನೂ ಉರುಳಿಸಲಿಲ್ಲ. ಅಷ್ಟು ಸಂತೋಷದ ಮಧ್ಯಾಹ್ನ ನನ್ನ ನೆನಪಿನಲ್ಲಿ ಇನ್ನೊಂದಿಲ್ಲ.

ಸಿಟ್ಟು ಅವಳಿಗೆ ಬಂದದ್ದು ಕೆಲವು ದಿನ ಬಿಟ್ಟು. ಶಾಲೆಯ ಮೈದಾನದಿಂದಲೇ ಫೋನ್ ಮಾಡಿ, "ನನಗ ಈಗ ಸಿಟ್ಟ ಬರಾಕತ್ತೇತಿ ಮಲ್ಲು. ನಾ ಒಬ್ಬಾಕಿನ ಅಭ್ಯಾಸ ಮಾಡ್ತಿದ್ದೆ, ನಿನ್ನನ್ನ ಕೇಳ್ತಿದ್ದೆ. ನಿನಗ ಏನೂ ಅನ್ನಿಸಲಿಲ್ಲೇನು?" ಅಂದಳು.

ಈಗ ನಾಲ್ವರೂ ಮತ್ತೆ ಆಡುತ್ತೇವೆ. ನಗುತ್ತೇವೆ. ಆದರೆ ಸಿದ್ದು ಈಗಲೂ "ಅಪ್‌ಡೇಟ್ ಬಂತು, ನೀಲಮ್ಮನ ಕೈ ಬಂತು" ಎಂದು ಚೇಷ್ಟೆ ಮಾಡುತ್ತಾನೆ. ನೀಲಮ್ಮ ಬಾಯಿ ಬಿಡುವುದಿಲ್ಲ. "ಅದನ್ನ ನೀನ ಹೇಳಬೇಕು" ಎಂದಷ್ಟೇ ಒಮ್ಮೆ ಅಂದಿದ್ದಳು. ಪ್ರತಿ ಸಂಜೆ ಹೇಳಬೇಕೆಂದುಕೊಳ್ಳುತ್ತೇನೆ. ಆಟ ಶುರುವಾಗುತ್ತದೆ, ನಗು ಶುರುವಾಗುತ್ತದೆ, ಮತ್ತೆ —

ಸಿದ್ದು, ಬಸು, ಇದನ್ನು ಬರೆದದ್ದು ನಿಮಗಾಗಿ. ಅವಳ ಕೈ ಎಂದೂ ಹೋಗಿರಲಿಲ್ಲ. ಇವತ್ತು ಆಟ ತೆರೆಯುವ ಮೊದಲು ನಿಮಗಿದನ್ನು ಓದಿ ಹೇಳುತ್ತೇನೆ, ಅವಳೂ ಕೇಳುತ್ತಿರುವಾಗಲೇ.