ಎರಡು ಕೋಣೆಯ ಜಾಗದಲ್ಲಿ ಒಂದು ಕಲ್ಲು

ಆ ಕಲ್ಲು ಇಟ್ಟವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲೋ ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನು ಪಳಗಿದ ಕೈ.

ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಇಲ್ಲಿಯ ಒಂದು ಸರಕಾರಿ ಶಾಲೆಯಲ್ಲಿ ಕನ್ನಡದ ಮಕ್ಕಳಿಗೆ ಪಾಠ ಹೇಳುತ್ತೇನೆ. ಶಾಲೆ ಮರಾಠಿಯದು. ಕನ್ನಡದ ಪಾಲಿಗೆ ಇರುವುದು ಒಂದೇ ಕೋಣೆ. ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಎಲ್ಲರೂ ಅದರಲ್ಲೇ, ಮೂಲೆಗೊಂದು ತರಗತಿ. ಎರಡನೆಯವರು ಮಗ್ಗಿ ಹೇಳುತ್ತಿದ್ದರೆ ಮೂರನೆಯವರಿಗೆ ಪಾಠ ಕೇಳಿಸುವುದಿಲ್ಲ. ನಾಲ್ಕನೆಯವರಿಗೆ ಪ್ರಶ್ನೆ ಹಾಕಿದರೆ ಒಂದನೆಯವನೊಬ್ಬ ಎದ್ದು ಉತ್ತರ ಕೊಟ್ಟುಬಿಡುತ್ತಾನೆ. ಒಳಗೆ ಹಿಡಿಸದವರು ಹೊಸ್ತಿಲ ಮೇಲೆ. ಮೂರನೆಯ ಇಯತ್ತೆಯ ಒಬ್ಬ ಹುಡುಗಿಯಂತೂ ಇಡೀ ವರ್ಷ ಹೊಸ್ತಿಲಲ್ಲೇ ಕೂತಿದ್ದಳು. ಬಂದು ಹೋಗುವವರೆಲ್ಲ ಅವಳನ್ನು ದಾಟಿಕೊಂಡೇ ಹೋಗಬೇಕು. ಅವಳೋ, ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಯಾದಗಿರಿ ಕಡೆಯವಳು. ಅವಳವ್ವ ಮಗರಪಟ್ಟಾದ ಹತ್ತಿರ ಏಳುತ್ತಿರುವ ಒಂದು ಕಟ್ಟಡದಲ್ಲಿ ಇಟ್ಟಿಗೆ, ಖಡಿಕಲ್ಲು ಹೊರುತ್ತಾಳೆ.

ಶಾಲೆಯ ಸುತ್ತ ಉಸಿರಾಡಲೂ ಜಾಗವಿಲ್ಲ. ಗೋಡೆಗೆ ಗೋಡೆ ತಾಗಿ ಮನೆ, ಅದರ ಮುಂದೆ ಅಂಗಡಿ, ಅದರ ಮುಂದೆ ಗಾಡಿ. ಖಾಲಿ ಉಳಿದದ್ದೆಂದರೆ ಶಾಲೆಯ ಹಿಂದಿನ ಒಂದು ಪಟ್ಟಿ, ಅದರಲ್ಲಿ ಒಂದು ಬೇವಿನ ಗಿಡ. ಅಲ್ಲಿ ನಮಗೆ ಎರಡು ಕೋಣೆ ಕಟ್ಟಿಸಿ ಕೊಡಿ ಎಂದು ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ನಮ್ಮ ಹೆಡ್‌ಮಾಸ್ತರರು ನನ್ನನ್ನು ಕಂಡರೆ, "ಕಾಯ್ ಬಾಯಿ, ಇನ್ನೊಂದು ಅರ್ಜಿಯಾ?" ಎಂದು ನಗುತ್ತಿದ್ದರು. ಬಾಯಿ ಎಂದರೆ ಇಲ್ಲಿಯ ಮಾತಿನಲ್ಲಿ ಅಕ್ಕೋರು.

ಇನ್ನು ನನ್ನ ಘನಕಾರ್ಯ. ನಮ್ಮ ಮನೆದೇವರು ಮೈಲಾರಲಿಂಗ. ಇಲ್ಲಿಯವರು ಖಂಡೋಬಾ ಅನ್ನುತ್ತಾರೆ. ನಮ್ಮ ಅತ್ತೆ ವರ್ಷಕ್ಕೊಮ್ಮೆ ಅವನ ಗುಡ್ಡವಾದ ಜೇಜುರಿಗೆ ಹೋಗಿ ಪ್ರಸಾದದ ಅರಿಶಿನ, ಅಂದರೆ ಭಂಡಾರ, ತರುತ್ತಿದ್ದರು. ಅವರು ತೀರಿಕೊಂಡ ಮೇಲೆ ಒಂದು ದಿನ ದೇವರ ಮನೆಯ ಡಬ್ಬಿ ತೆಗೆದೆ. ವರ್ಷವರ್ಷದ ಭಂಡಾರದ ಪೊಟ್ಟಣಗಳು ಹುಳ ಹಿಡಿದು ಕೂತಿದ್ದವು. ಏನು ಮಾಡಲಿ? ಕಸದ ಬುಟ್ಟಿಗೆ ಹಾಕುವಂತಿಲ್ಲ, ಮೋರಿಗೆ ಸುರಿಯುವಂತಿಲ್ಲ, ಯಾರ ಕಾಲಿಗೂ ತಾಗಬಾರದು. ಹೊಳೆಗೆ ಬಿಡೋಣವೆಂದರೆ ನಮ್ಮ ಮುಠಾ ನದಿಯ ನೀರಿಗೆ ಪ್ರಸಾದ ಹಾಕಲು ಮನಸ್ಸು ಬರಬೇಕಲ್ಲ!

"ನಿಮ್ಮ ಸಾಲ್ಯಾಗ ಗಿಡ ಅದ ಅಲ್ಲ, ಅದರ ಬುಡಕ್ಕ ಹಾಕಿ ಬಾ. ಅದಕ್ಯಾಕ ಇಷ್ಟು ತಲಿ ಕೆಡಿಸ್ಕೋತಿ?" ಎಂದರು ನಮ್ಮ ಮನೆಯವರು.

ಮರುದಿನ ಬೆಳಿಗ್ಗೆ ಶಾಲೆ ಕೂಡುವ ಮುಂಚೆ ಬೇವಿನ ಬುಡಕ್ಕೆ ಸುರಿದೆ. ಗಾಳಿಗೆ ಹಾರೀತೆಂದು ಅಲ್ಲೇ ಬಿದ್ದಿದ್ದ ಒಂದು ಉರುಟು ಕಲ್ಲು ತಂದು ಮೇಲಿಟ್ಟೆ. ಕಲ್ಲಿಗೂ ಒಂದಿಷ್ಟು ಅರಿಶಿನ ಮೆತ್ತಿತು. ರೂಢಿ ನೋಡಿ, ಕೈ ತಾನಾಗಿಯೇ ಮುಗಿಯಿತು. ಬೀದಿಯಲ್ಲಿ ಹೂ ಮಾರುವ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನಾನು ಹಗುರಾಗಿ ಒಳಗೆ ಹೋದೆ.

ಮರುದಿನ ಕಲ್ಲಿನ ಮೇಲೆ ಒಂದು ಚೆಂಡುಹೂವು ಇತ್ತು. ನನಗೆ ನಗು ಬಂತು. ವಾರದೊಳಗೆ ತೆಂಗಿನಕಾಯಿ ಒಡೆದಿತ್ತು. ಆಗಲೂ ನಕ್ಕೆ. ಸುಳ್ಳೇಕೆ ಹೇಳಲಿ, ಒಂದು ದಿನ ನಾನೂ ಒಂದು ಹೂ ಇಟ್ಟೆ. ಆಮೇಲೆ ನಾಲ್ಕು ಕಂಬ, ಮೇಲೆ ತಗಡು, ಒಂದು ಗಂಟೆ, ಓಣಿಯವರದೊಂದು ಮಂಡಳ. ಹಿಟ್ಟಿನ ಗಿರಣಿಯ ಕಾಕಾ ಅದರ ಮುಖ್ಯಸ್ಥರು. ಅಷ್ಟರಲ್ಲಿ ನನ್ನ ನಗು ನಿಂತಿತ್ತು.

ಆ ಹೊತ್ತಿಗೇ ಸರಿಯಾಗಿ ನಮ್ಮ ಎರಡು ಕೋಣೆ ಮಂಜೂರಾಗಬೇಕೆ?

ಎಂಜಿನಿಯರ್ ಸಾಹೇಬರು ಟೇಪು ಹಿಡಿದು ಬಂದರು. ಬೇವಿನ ಗಿಡದ ಹತ್ತಿರ ಬಂದವರು ಚಪ್ಪಲಿ ಬಿಟ್ಟು ಕೈ ಮುಗಿದರು. ದೇವಸ್ಥಾನ ಇರುವಲ್ಲಿ ಓಣಿಯವರ ಒಪ್ಪಿಗೆ ಇಲ್ಲದೆ ಗೆರೆ ಎಳೆಯುವಂತಿಲ್ಲ ಎಂದರು ಅವರು. ಮಂಡಳದವರು ಒಪ್ಪಲಿಲ್ಲ. ಇದು ತಾನಾಗಿ ಎದ್ದು ಬಂದ ದೇವರು, ಅಲುಗಿಸಿದರೆ ಓಣಿಗೆ ಒಳ್ಳೆಯದಾಗದು ಎಂದರು. ತಾನಾಗಿ! ನಾನು ಅಲ್ಲೇ ನಿಂತಿದ್ದೆ. ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ತಿರುಗಿದರು. ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡೆ. ಥೂ ನನ್ನ ಜನ್ಮಕ್ಕೆ!

ಒಂದು ವಾರದ ಮೇಲೆ ಹೆಡ್‌ಮಾಸ್ತರರು ಕರೆದು ಹೇಳಿದರು: ಕೋಣೆ ಆಗುವಂತಿಲ್ಲ, ಜೂನ್‌ನಿಂದ ಕನ್ನಡದ ತರಗತಿಗಳು ಹೆದ್ದಾರಿಯ ಆಚೆಯ ಶಾಲೆಗೆ ಹೋಗುತ್ತವೆ. ಹೆದ್ದಾರಿ ಎಂದರೆ ನಾನೇ ದೇವರ ಹೆಸರು ಹೇಳುತ್ತಾ ದಾಟುವ ರಸ್ತೆ. ತಾಯಂದಿರಿಗೆ ಎಂಟಕ್ಕೆ ಸೈಟಿನಲ್ಲಿ ಹಾಜರಿ. ಮಕ್ಕಳನ್ನು ದಾಟಿಸಿ ಬಿಡುವವರು ಯಾರು? ಗಂಡುಮಕ್ಕಳು ಒಂದಿಬ್ಬರು ಹೇಗೋ ಹೋದಾರು. ಹೆಣ್ಣುಮಕ್ಕಳ ಓದು ಅಲ್ಲಿಗೆ ಮುಗಿಯಿತು.

ಅಂದಿನಿಂದ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಸುಮ್ಮನೆ ಮಕ್ಕಳ ಮೇಲೆ ಹರಿಹಾಯ್ದೆ. ಕಡೆಗೆ ಒಂದು ಸಂಜೆ ಗಿರಣಿಗೆ ಹೋಗಿ ಕಾಕಾನ ಮುಂದೆ ಎಲ್ಲ ಹೇಳಿದೆ: ಡಬ್ಬಿ, ಹುಳ, ಗಾಳಿ, ಕಲ್ಲು. ಅವರು ಗಿರಣಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗುತ್ತಾರೆಂದು ನಾನು ಸೆರಗು ಹಿಂಡುತ್ತಿದ್ದರೆ ಅವರ ಕಣ್ಣಲ್ಲಿ ನೀರು ಬಂತು.

"ಬಾಯಿ, ದೇವರು ಯಾರಾದರೊಬ್ಬರ ಕೈಯಿಂದಲೇ ಬರಬೇಕಲ್ಲ? ನಿಮ್ಮ ಕೈ ಆರಿಸಿಕೊಂಡ," ಎಂದರು ಮರಾಠಿಯಲ್ಲಿ. "ಈ ಸಲ ಖಂಡೋಬಾನ ಹಬ್ಬಕ್ಕೆ, ಚಂಪಾಷಷ್ಠಿಗೆ, ಮೊದಲ ಆರತಿ ನಿಮ್ಮದೇ."

ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಮನೆಗೆ ಬಂದು ಅತ್ತೆಯ ಫೋಟೋದ ಮುಂದೆ ನಿಂತು ಜಗಳವಾಡಿದೆ.

ಏಪ್ರಿಲ್‌ನ ಕೊನೆಯ ವಾರ. ಬೆಳಿಗ್ಗೆ ನಾನು ಶಾಲೆಗೆ ಬಂದಾಗ ಹೊಸ್ತಿಲ ಹುಡುಗಿಯ ಅವ್ವ ತಗಡಿನ ಕೆಳಗೆ ಕಾಯಿ ಹಿಡಿದು ನಿಂತಿದ್ದಳು. ಮಗಳು ಪಕ್ಕದಲ್ಲಿ. ಸೈಟಿಗೆ ಹೋಗುವ ದಾರಿಯಲ್ಲಿ ಬಂದಿದ್ದಳು, ಹೆಗಲ ಮೇಲೆ ಕೆಲಸದ ಟವೆಲ್ಲು.

"ಹರಕಿ ಹೊತ್ತೀನ್ರಿ ಅಕ್ಕೋರ," ಎಂದಳು. "ಎರಡು ಖೋಲಿ ಮಾಡಿ ಕೊಡಪಾ, ಜೇಜುರಿಗಿ ನಡಕೋತ ಬರ್ತೀನಿ ಅಂತ ಕೇಳ್ಕೊಂಡೀನಿ. ನಮ್ಮ ಮೈಲಾರಲಿಂಗ ಅಲ್ರೀ, ಕೊಟ್ಟೇ ಕೊಡ್ತಾನ."

ಅವಳನ್ನು ಗಿಡದ ಆಚೆ ಕರೆದೊಯ್ದು ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು.

"ಖರೇ ಹೇಳ್ಲತ್ತೀರೇನ್ರಿ?"

"ಖರೇ ಅದವ್ವಾ. ನಮ್ಮ ಅತ್ತಿ ಆಣಿ."

"ಭಂಡಾರ ಕಾಲಿಗಿ ಬೀಳಬಾರ್ದಂತ ಇಟ್ರಿ. ದೇವ್ರಿಗಿ ಬಾ ಅಂತ ಕರದಿಲ್ಲ. ಹೌದಿಲ್ರಿ?"

"ಹೌದು."

"ಹಂಗಿದ್ರ ಎತ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇಟ್ಟೋರು ನೀವು, ನೀವೇ ಎತ್ತಿ ನನ್ನ ತಲಿ ಮ್ಯಾಲ ಇಡ್ರಿ. ಅವನ ಗುಡ್ಡಕ್ಕ ಅವನ್ನ ಮುಟ್ಟಿಸಿ ಬರ್ತೀನಿ. ಇವತ್ತಿನ ಪಗಾರ ಹೋದ್ರ ಹೋಗ್ಲಿ. ಕಲ್ಲು ಹೊರಾದು ನನಗೇನು ಹೊಸಾದೇನ್ರಿ?"

ಹೇಳುತ್ತಾ ಟವೆಲ್ಲನ್ನು ಹೊಸೆದು ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡಳು. ಕುತ್ತಿಗೆ ನೆಟ್ಟಗೆ ಮಾಡಿ ನಿಂತಳು.

ನಾನು ತಗಡಿನ ಕೆಳಗೆ ಹೋದೆ. ಬಗ್ಗಿ ಕಲ್ಲಿಗೆ ಎರಡೂ ಕೈ ಹಚ್ಚಿದೆ. ಭಾರವೇನೂ ಇರಲಿಲ್ಲ, ಒಂದು ಕೊಡ ನೀರಿನಷ್ಟು. ನೆಲದಿಂದ ತುಸು ಅಲುಗಿತು ಕೂಡ. ಆಗ ಬೆನ್ನ ಹಿಂದೆ ಗಂಟೆಯ ಸದ್ದಾಯಿತು. ಗಿರಣಿಯ ಕಾಕಾ, ಆರತಿ ತಟ್ಟೆ ಹಿಡಿದ ನಾಲ್ಕೈದು ಹೆಂಗಸರು. ಕಾಕಾ ಅವರನ್ನೆಲ್ಲ ಹಿಂದೆ ಸರಿಸಿ ನನಗೆ ಜಾಗ ಮಾಡಿಕೊಟ್ಟರು.

"ಸಾವಕಾಶ ದರ್ಶನ ತಗೊಳ್ಳಿ, ಬಾಯಿ," ಎಂದರು ಪ್ರೀತಿಯಿಂದ.

ನಾನು ಹಣೆಯನ್ನು ಕಲ್ಲಿಗೆ ಹಚ್ಚಿದೆ.

ಎದ್ದು ತಿರುಗಿದಾಗ ಅವಳು ನನ್ನ ಹಣೆಯ ಅರಿಶಿನ ನೋಡುತ್ತಿದ್ದಳು. ತಲೆಯ ಮೇಲಿನ ಸಿಂಬಿ ತೆಗೆದು, ಬಿಚ್ಚಿ, ಕೊಡವಿ ಮಗಳ ಕೈಗೆ ಕೊಟ್ಟಳು.

"ಹಿಡಿ," ಎಂದಳು. "ಜೂನಿಂದ ನಿನಗೂ ಬೇಕಾಗ್ತದ."